ಕಡಲ ವಿಜ್ಞಾನಿ ಸರ್ಕಾರದಲ್ಲಿ ಎಷ್ಟು ಎತ್ತರಕ್ಕೆ ಹೋಗಬಹುದು?

ಪ್ರಶ್ನೆ: ನನ್ನ ಮಗಳು ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನದ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಸರ್ಕಾರಿ ವಿಜ್ಞಾನಿ ಆಗಬೇಕು ಅಂತ ಹಟ. ಮನೆಯಲ್ಲಿ ಎಲ್ಲರೂ "ವಿಜ್ಞಾನಿಯಾಗಿ ಸೇರಿದರೆ ಕೊನೆತನಕ ಲ್ಯಾಬಿನಲ್ಲೇ ಇರಬೇಕು, ಮೇಲೆ ಕೂರುವವರು ಐಎಎಸ್‌ನವರೇ, ಅದಕ್ಕೇ ಓದಲಿ" ಅಂತಿದ್ದಾರೆ. ಭೂಮಿ, ಕಡಲು ಓದಿದವರು ಸರ್ಕಾರದಲ್ಲಿ ಎಷ್ಟು ಮೇಲಕ್ಕೆ ಹೋಗಬಹುದು? ಹೋದ ಮೇಲೆ ವಿಜ್ಞಾನ ಉಳಿಯುತ್ತಾ, ಬರೀ ಫೈಲಾ? ಹೆಣ್ಣುಮಕ್ಕಳಿಗೆ ಹಡಗಿನ ಕೆಲಸ ಆಗುತ್ತಾ? ಕೆಲಸ ಸಿಕ್ಕರೆ ನಮ್ಮ ಕಡೆಯೇ ಇರಬಹುದಾ? (ಕುಂದಾಪುರದ ಓದುಗರೊಬ್ಬರು)

ಉತ್ತರ:

ನಮಸ್ಕಾರ ಅಮ್ಮ. ನಿಮ್ಮ ಮನೆಯವರು ಹೇಳುತ್ತಿರುವುದು ಬಹಳಷ್ಟು ಇಲಾಖೆಗಳ ಮಟ್ಟಿಗೆ ಸರಿ. ಆದರೆ ಮಗಳು ಹೋಗಬೇಕು ಅಂತಿರುವ ಜಾಗಕ್ಕೆ ಆ ಮಾತು ಅನ್ವಯಿಸುವುದಿಲ್ಲ. ದೆಹಲಿಯ ಭೂವಿಜ್ಞಾನ ಸಚಿವಾಲಯದಲ್ಲಿ ಕಾರ್ಯದರ್ಶಿ ಕುರ್ಚಿಯಲ್ಲಿ ವಿಜ್ಞಾನಿಗಳೇ ಕೂರುತ್ತ ಬಂದಿದ್ದಾರೆ. ಪಿ. ಎಸ್. ಗೋಯಲ್ ಅಲ್ಲಿಗೆ ಹೋಗುವ ಮುಂಚೆ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದರು. ಅವರ ನಂತರದ ಶೈಲೇಶ್ ನಾಯಕ್ ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಆಮೇಲೆ ಬಂದ ಎಂ. ರಾಜೀವನ್ ಮುಂಗಾರು ಮಳೆಯ ತಜ್ಞರು, ಎಂ. ರವಿಚಂದ್ರನ್ ಸಾಗರ ವಿಜ್ಞಾನಿ. ಅಂದರೆ ಕೇಂದ್ರ ಸರ್ಕಾರದ ಕಾರ್ಯದರ್ಶಿ ಹುದ್ದೆ, ಒಬ್ಬ ಹಿರಿಯ ಐಎಎಸ್ ಅಧಿಕಾರಿ ಕೊನೆಗೆ ತಲುಪುವ ಅದೇ ಮೆಟ್ಟಿಲು, ನಿಮ್ಮ ಮಗಳ ದಾರಿಯಲ್ಲೂ ಇದೆ.

ಆದರೆ ಅದನ್ನೇ ಗುರಿ ಮಾಡಿಕೊಂಡು ಹೊರಟರೆ ಅಲ್ಲಿಗೆ ತಲುಪುವುದು ಕಷ್ಟ. ಯಾಕೆ ಅಂತ ಹೇಳಲು ಒಬ್ಬರ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ತಲೆಮಾರಿನವರು ಈ ವೃತ್ತಿಯ ಬಗ್ಗೆ ಮಾತಾಡುವಾಗ ಅವರ ಹೆಸರು ಬಂದೇ ಬರುತ್ತದೆ. ಹರ್ಷ ಗುಪ್ತಾ.

1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಪಕ್ಕದಲ್ಲೇ 6.3 ತೀವ್ರತೆಯ ಭೂಕಂಪ ಆಯಿತು. ಬೆಳಗಿನ ಜಾವ, ಜನ ಮಲಗಿದ್ದ ಹೊತ್ತು. ಕೊಯ್ನಾನಗರ ನೆಲಸಮವಾಯಿತು, ಸುಮಾರು 200 ಜನ ಸತ್ತರು. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಗೆ ಸೇರಿ ನಮ್ಮ ಕಡೆಗೇ ಬರುವಂಥದ್ದು, ಹಾಗಾಗಿ ಆ ಅಣೆಕಟ್ಟಿನ ಸುದ್ದಿ ನಮಗೇನೂ ದೂರದ್ದಲ್ಲ. ದಖ್ಖನ್ ಅಂದರೆ ಗಟ್ಟಿ ನೆಲ, ಇಲ್ಲಿ ಭೂಮಿ ಅಲುಗುವುದಿಲ್ಲ ಅಂತಲೇ ಆಗ ಎಲ್ಲರೂ ನಂಬಿದ್ದರು. ಗುಪ್ತಾ ಆಗ ಇಪ್ಪತ್ತೈದರ ಹುಡುಗ. ಧನಬಾದ್‌ನಲ್ಲಿ ಭೂಭೌತ ವಿಜ್ಞಾನ ಓದಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸೇರಿದ್ದರು. ಅಣೆಕಟ್ಟಿನಲ್ಲಿ ನೀರು ತುಂಬಲು ಶುರುವಾಗಿದ್ದು 1962ರಲ್ಲಿ, ಸಣ್ಣ ಸಣ್ಣ ಕಂಪನಗಳು ಶುರುವಾಗಿದ್ದೂ ಆಮೇಲೆಯೇ. ಹಾಗಾದರೆ ನೀರಿಗೂ ಭೂಕಂಪಕ್ಕೂ ಏನು ನಂಟು?

ಈ ಪ್ರಶ್ನೆಯನ್ನು ಅವರು ಹಿಡಿದರು, ಬಿಡಲೇ ಇಲ್ಲ. ಜಗತ್ತಿನ ಬೇರೆ ಬೇರೆ ಜಲಾಶಯಗಳ ಹತ್ತಿರ ಆದ ಕಂಪನಗಳನ್ನು ಸಹೋದ್ಯೋಗಿಗಳ ಜೊತೆ ಒಂದೊಂದಾಗಿ ಹೋಲಿಸಿ, ಮಾಮೂಲಿ ಭೂಕಂಪಕ್ಕೂ ಜಲಾಶಯದ ಪಕ್ಕದ್ದಕ್ಕೂ ಲಕ್ಷಣದಲ್ಲೇ ವ್ಯತ್ಯಾಸ ಇದೆ ಅಂತ ತೋರಿಸಿದರು. ನೆಲದೊಳಗೆ ಮೊದಲೇ ಬಿಗಿತ ಇರುತ್ತದೆ, ಬಿರುಕೂ ಇರುತ್ತದೆ. ಮೇಲೆ ನಿಂತ ನೀರಿನ ಭಾರ ಒಂದು ಕಡೆ, ಬಿರುಕಿನೊಳಗೆ ಇಳಿದ ನೀರಿನ ಒತ್ತಡ ಇನ್ನೊಂದು ಕಡೆ. ಹೇಗೂ ಒಂದು ದಿನ ಜಾರಬೇಕಿದ್ದ ಬಂಡೆ ಮುಂಚೆಯೇ ಜಾರುತ್ತದೆ. ಶಕ್ತಿ ಭೂಮಿಯದ್ದೇ, ನೀರು ಅದನ್ನು ಕೆದಕುತ್ತದೆ ಅಷ್ಟೆ. ಕೊಯ್ನಾದಲ್ಲಿ ಇವತ್ತಿಗೂ ಮಳೆಗಾಲದ ನೀರು ತುಂಬಿದ ಮೇಲೆ ಕಂಪನ ಜಾಸ್ತಿಯಾಗುತ್ತದೆ. 5ಕ್ಕಿಂತ ಹೆಚ್ಚು ತೀವ್ರತೆಯವೇ 20ಕ್ಕೂ ಮೇಲೆ ಆಗಿವೆ, ಅದೂ ಸುಮಾರು 20 ಕಿ.ಮೀ. ಅಗಲ, 30 ಕಿ.ಮೀ. ಉದ್ದದ ಜಾಗದಲ್ಲೇ.

ಈಗ ಅವರು ಕೂತ ಕುರ್ಚಿಗಳನ್ನು ನೋಡಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲವು ವರ್ಷ ಸಂಶೋಧನೆ. ವಾಪಸ್ ಬಂದು ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರದ ನಿರ್ದೇಶಕರು. ಕೊಚ್ಚಿ ವಿಶ್ವವಿದ್ಯಾಲಯದ ಕುಲಪತಿ. ದೆಹಲಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಸಲಹೆಗಾರರು. 1992ರಲ್ಲಿ, ತಾವು ಕೆಲಸ ಶುರು ಮಾಡಿದ ಅದೇ ಹೈದರಾಬಾದ್ ಸಂಸ್ಥೆಗೆ ನಿರ್ದೇಶಕರು. ಮರುವರ್ಷವೇ ಸೆಪ್ಟೆಂಬರ್‌ನಲ್ಲಿ ಕಿಲ್ಲಾರಿ ಭೂಕಂಪ, ನಮ್ಮ ಬೀದರ್, ಕಲಬುರಗಿಯ ಜನ ಇನ್ನೂ ಮರೆಯದ ಆ ಬೆಳಗಿನ ಜಾವ. 2001ರಲ್ಲಿ ಸಾಗರ ಅಭಿವೃದ್ಧಿ ಇಲಾಖೆಯ (ಮುಂದೆ ಭೂವಿಜ್ಞಾನ ಸಚಿವಾಲಯವಾಗಿದ್ದು ಇದೇ) ಕಾರ್ಯದರ್ಶಿ. ಇಷ್ಟೆಲ್ಲ ಬದಲಾದರೂ ಕೊಯ್ನಾ ಮಾತ್ರ ಕೈಬಿಡಲಿಲ್ಲ. ಅಲ್ಲಿ ಆಳಕ್ಕೆ ಕೊರೆದು ಬಿರುಕನ್ನು ಹತ್ತಿರದಿಂದಲೇ ನೋಡಬೇಕು ಅಂತ ವರ್ಷಗಟ್ಟಲೆ ಒತ್ತಾಯಿಸಿದವರಲ್ಲಿ ಅವರು ಮುಖ್ಯರು. ಭೂಕಂಪವಾಗಿ ಅರ್ಧ ಶತಮಾನ ಕಳೆದ ಮೇಲೆ, 2017ರಲ್ಲಿ, ಭೂವಿಜ್ಞಾನ ಸಚಿವಾಲಯ ಅಲ್ಲಿ 3 ಕಿ.ಮೀ. ಆಳದ ಬಾವಿ ಕೊರೆದು ಮುಗಿಸಿತು. ಅದಕ್ಕಾಗಿಯೇ ಕರಾಡದಲ್ಲಿ ಪ್ರಯೋಗಾಲಯ ಇದೆ.

ನಾನು ಹೇಳಬೇಕು ಅಂತಿರುವುದು ಇದನ್ನೇ. ಒಂದು ಪ್ರಶ್ನೆ ಮಗಳದ್ದೇ ಅನ್ನುವಂತಿರಲಿ. ಹುದ್ದೆಗಳು ಬರುತ್ತವೆ, ಹೋಗುತ್ತವೆ. ಆ ಪ್ರಶ್ನೆಯಿಂದಾಗಿಯೇ ಜನ ಅವಳನ್ನು ಕರೆಯುತ್ತಾರೆ.

"ಭೂಕಂಪ ಓದಿದವರಿಗೂ ಕಡಲಿಗೂ ಏನು ಸಂಬಂಧ?" ಅಂತ ಕೇಳಬಹುದು. 1983ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟ ಮೂರನೇ ಅಂಟಾರ್ಕ್ಟಿಕಾ ಯಾತ್ರೆಗೆ ಗುಪ್ತಾ ಅವರೇ ನಾಯಕರು. ಅಲ್ಲಿನ ಬೇಸಿಗೆ ಮುಗಿಯುವುದರೊಳಗೆ ಮಂಜುಗಡ್ಡೆಯ ಮೇಲೆ ದಕ್ಷಿಣ ಗಂಗೋತ್ರಿ ನೆಲೆ ಕಟ್ಟಿ, ಚಳಿಗಾಲ ಕಳೆಯಲು ಒಂದು ತಂಡವನ್ನೇ ಅಲ್ಲಿ ಬಿಟ್ಟು ಬರಬೇಕಿತ್ತು. ಬಿಟ್ಟು ಬಂದರು. ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಆ ಯಾತ್ರೆಯಲ್ಲೇ ಇದೆ. ಅದರಲ್ಲಿ ಇಬ್ಬರು ಮಹಿಳೆಯರಿದ್ದರು. ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಅದಿತಿ ಪಂತ್. ಅಂಟಾರ್ಕ್ಟಿಕಾಕ್ಕೆ ಹೋದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು ಇವರೇ. 40 ವರ್ಷದ ಹಿಂದೆ, ಭೂಮಿಯ ತುದಿಗೆ. ಅವರು ಹೋಗಿ ಬಂದ ಮೇಲೆ ಅರಬ್ಬಿ ಸಮುದ್ರದ ಹಡಗಿನ ಬಗ್ಗೆ ನೀವು ಹೆದರಬೇಕಾಗಿಲ್ಲ. ಈಗ ಸರ್ವೆ ಹಡಗುಗಳಲ್ಲಿ ಹುಡುಗಿಯರು ಮಾಮೂಲು, ಬೇರೆ ಕ್ಯಾಬಿನ್ ಇರುತ್ತದೆ, ರಾತ್ರಿ ಪಾಳಿಯೂ ಎಲ್ಲರ ಹಾಗೇ ಇರುತ್ತದೆ. ನಿಜವಾದ ಕಷ್ಟ ಬೇರೆ. ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುತ್ತದೆ, ವಾರಗಟ್ಟಲೆ ಮನೆಗೆ ಸರಿಯಾಗಿ ಫೋನ್ ಸಿಗುವುದಿಲ್ಲ, ಮದುವೆ ಆಗಿ ಮಗು ಆದ ಮೇಲೆ ಹಡಗಿನ ಪಟ್ಟಿಗೆ ಹೆಸರು ಕೊಡಲು ಮನೆಯವರ ಬೆಂಬಲ ಬೇಕಾಗುತ್ತದೆ. ಆ ಕೊನೆಯದಕ್ಕೆ ಈಗಿನಿಂದಲೇ ಮನೆಯವರು ಮನಸ್ಸು ಮಾಡಿಕೊಂಡರೆ ಒಳ್ಳೆಯದು, ಎಷ್ಟೋ ಪ್ರತಿಭಾವಂತ ಹುಡುಗಿಯರ ದಾರಿ ಅಲ್ಲೇ ನಿಂತುಹೋಗಿದ್ದನ್ನು ನೋಡಿ ನನಗೆ ಬೇಜಾರಾಗಿದೆ.

ಹಡಗಿನಲ್ಲಿ ಅವಳು ಏನು ಮಾಡುತ್ತಾಳೆ? ಒಂದೇ ಕೆಲಸ ಹೇಳುತ್ತೇನೆ. ಭಾರದ ಉಕ್ಕಿನ ಕೊಳವೆಯನ್ನು ವಿಂಚ್‌ನಿಂದ ಕೆಳಗಿಳಿಸಿ ಕಡಲ ತಳದ ಕೆಸರಿಗೆ ನಾಟಿಸುತ್ತಾರೆ. ಮೇಲೆ ಎಳೆದಾಗ ಒಳಗಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಕೆಲವು ಮೀಟರ್ ಕೆಸರು ಪದರ ಪದರವಾಗಿ ಬಂದಿರುತ್ತದೆ. ಅದನ್ನು ತುಂಡು ಮಾಡಿ, ಎರಡೂ ಬಾಯಿಗೆ ಮುಚ್ಚಳ ಹಾಕಿ, ಮೇಲ್ತುದಿ ಯಾವುದು ಕೆಳತುದಿ ಯಾವುದು ಅಂತ ಬಾಣದ ಗುರುತು ಹಾಕಿ ತಂಪು ಕೋಣೆಗೆ ಸೇರಿಸಬೇಕು. ಮಧ್ಯರಾತ್ರಿ ಎರಡು ಗಂಟೆಗೆ, ಹಡಗು ವಾಲಾಡುತ್ತಿರುವಾಗ, ಕೈತುಂಬ ಕೆಸರು. ಆ ಬಾಣ ಒಂದು ತುಂಡಿನಲ್ಲಿ ತಲೆಕೆಳಗಾದರೆ ಸಾವಿರಾರು ವರ್ಷದ ಮಳೆಯ ಇತಿಹಾಸವೇ ತಿರುಗುಮುರುಗು. ದಡಕ್ಕೆ ಬಂದ ಮೇಲೆ ಉದ್ದಕ್ಕೆ ಸೀಳುತ್ತಾರೆ. ಒಳಗೆ ಹಸಿರು ಮಿಶ್ರಿತ ಬೂದು ಕೆಸರು, ಕೆಲವು ಕಡೆ ಕೊಳೆತ ಮೊಟ್ಟೆಯ ವಾಸನೆ. ಒಂದೆರಡು ಸೆಂಟಿಮೀಟರ್‌ಗೊಂದು ಹೋಳು ತೆಗೆದು, 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಉಳಿದ ಮರಳಿನಂಥದ್ದರಿಂದ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಬೇಕು. ತಿಂಗಳುಗಟ್ಟಲೆಯ ಕೆಲಸ. ಆ ಚಿಪ್ಪಿನ ರಸಾಯನದಲ್ಲಿ ಹಿಂದಿನ ಕಾಲದ ಕಡಲ ನೀರಿನ ಬಿಸಿ, ಉಪ್ಪು, ಹೊಳೆಗಳಿಂದ ಬಂದ ಸಿಹಿನೀರು ಎಲ್ಲದರ ಸುಳಿವೂ ಇರುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಮುಂದೆ ದೊಡ್ಡ ಕುರ್ಚಿಯಲ್ಲಿ ಕೂತಾಗ ಮುಂದೆ ಬರುವ ಅಂಕಿ ಎಲ್ಲಿಂದ ಬಂತು, ಎಲ್ಲಿ ತಪ್ಪಿರಬಹುದು, ಎಷ್ಟು ನಂಬಬಹುದು ಅಂತ ತಟ್ಟನೆ ಗೊತ್ತಾಗುವುದು ಹೀಗೆ ಕೈ ಕೆಸರು ಮಾಡಿಕೊಂಡವರಿಗೇ. ಅದು ಎಂಥ ಹೊತ್ತಿನಲ್ಲಿ ಬೇಕಾಗುತ್ತದೆ ಅನ್ನುವುದಕ್ಕೆ ಮತ್ತೆ ಗುಪ್ತಾ ಅವರ ವಿಷಯಕ್ಕೇ ಬರುತ್ತೇನೆ.

2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಆರೂವರೆಗೆ ಸುಮಾತ್ರಾ ಹತ್ತಿರ 9.1 ತೀವ್ರತೆಯ ಭೂಕಂಪ. ಆಳ ಕಡಲಿನಲ್ಲಿ ಸುನಾಮಿ ಗಂಟೆಗೆ ಸುಮಾರು 700 ಕಿ.ಮೀ. ವೇಗದಲ್ಲಿ ಹೋಗುತ್ತದೆ, ವಿಮಾನದ ಹತ್ತಿರ ಹತ್ತಿರ. ಆದರೂ ಚೆನ್ನೈ, ನಾಗಪಟ್ಟಣ ತಲುಪಲು ಎರಡೂವರೆ ಗಂಟೆಯಷ್ಟು ಬೇಕಾಯಿತು. ಅಷ್ಟೂ ಹೊತ್ತು ದಡದ ಜನಕ್ಕೆ ಯಾರೂ ಏನೂ ಹೇಳಲಿಲ್ಲ, ಹೇಳುವ ವ್ಯವಸ್ಥೆಯೇ ಹಿಂದೂ ಮಹಾಸಾಗರದಲ್ಲಿ ಇರಲಿಲ್ಲ. ನಮ್ಮ ದೇಶದಲ್ಲೇ 10,000ಕ್ಕೂ ಹೆಚ್ಚು ಜನ ಹೋದರು. ಆಗ ಸಾಗರ ಅಭಿವೃದ್ಧಿ ಇಲಾಖೆಯ ಕಾರ್ಯದರ್ಶಿ ಗುಪ್ತಾ. ಹೊರಗಿನಿಂದ ಸಿದ್ಧ ವ್ಯವಸ್ಥೆ ತರಿಸುವ ಬದಲು ನಾವೇ ಕಟ್ಟೋಣ ಅಂತ ಯೋಜನೆ ರೂಪಿಸಿದರು. ಗೋಯಲ್ ಅವರ ಕಾಲದಲ್ಲಿ ಕೆಲಸ ಮುಂದುವರಿಯಿತು. 2007ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಇನ್‌ಕಾಯ್ಸ್‌ನಲ್ಲಿ (ಸಚಿವಾಲಯದ ಕಡಲ ಮಾಹಿತಿ ಕೇಂದ್ರ) ಸುನಾಮಿ ಎಚ್ಚರಿಕೆ ಕೇಂದ್ರ ಉದ್ಘಾಟನೆಯಾಯಿತು. ಮೂರು ವರ್ಷ ತುಂಬುವುದರೊಳಗೆ! ಸರ್ಕಾರಿ ಕೆಲಸ ನಿಧಾನ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾದರೆ ಹಿರಿಯ ವಿಜ್ಞಾನಿಯ ಕೆಲಸ ಏನು ಅಂತಲೂ ಗೊತ್ತಾಗುತ್ತದೆ. ನಮಗೆ ಸುನಾಮಿ ಬರುವ ದಿಕ್ಕು ಮುಖ್ಯವಾಗಿ ಎರಡು. ಪೂರ್ವದಲ್ಲಿ ಸುಮಾತ್ರಾ–ಅಂಡಮಾನ್ ಸಾಲು, ಪಶ್ಚಿಮದಲ್ಲಿ ಪಾಕಿಸ್ತಾನ–ಇರಾನ್ ಕರಾವಳಿಯ ಮಕ್ರಾನ್. ನಮ್ಮ ಕರಾವಳಿಗೆ ಲೆಕ್ಕಕ್ಕೆ ಬರುವುದು ಮಕ್ರಾನ್, 1945ರಲ್ಲಿ ಅಲ್ಲಿ ಎದ್ದ ಅಲೆ ಮುಂಬಯಿ ತನಕ ಬಂದಿತ್ತು. ಭೂಕಂಪ ಆದ ಹತ್ತು ನಿಮಿಷದೊಳಗೆ ಎಲ್ಲಿ, ಎಷ್ಟು ದೊಡ್ಡದು, ಎಷ್ಟು ಆಳ ಅಂತ ತಿಳಿಯಬೇಕು. ಅಲೆ ಎಲ್ಲಿಗೆ ಯಾವಾಗ ತಲುಪುತ್ತದೆ ಅಂತ ಆಗ ಕೂತು ಲೆಕ್ಕ ಹಾಕಿದರೆ ತಡವಾಗುತ್ತದೆ, ಅದಕ್ಕೇ ಸಾವಿರಾರು ಸಂಭವನೀಯ ಭೂಕಂಪಗಳಿಗೆ ಮೊದಲೇ ಲೆಕ್ಕ ಮಾಡಿ ಇಟ್ಟಿರುತ್ತಾರೆ. ಹತ್ತಿರದ್ದನ್ನು ಹುಡುಕಿ ತೆಗೆಯುವುದಷ್ಟೇ. ಇಷ್ಟು ಕಂಪ್ಯೂಟರ್ ಮಾಡುತ್ತದೆ.

ಆಮೇಲಿನದು ಮನುಷ್ಯರ ಕೆಲಸ. ಅಲೆ ಒಂದು ಗಂಟೆಯೊಳಗೆ ತಲುಪುವ ಜಾಗಕ್ಕೆ, ನಿಕೋಬಾರ್ ಇದ್ದ ಹಾಗೆ, ಕಾಯುವಂತಿಲ್ಲ. ಭೂಕಂಪದ ಲೆಕ್ಕವನ್ನೇ ನಂಬಿ ಎಚ್ಚರಿಕೆ ಕೊಡಬೇಕು. ದೂರದ ಕರಾವಳಿಗೆ ಹಾಗೆ ಮಾಡುವಂತಿಲ್ಲ, ನಿಜಕ್ಕೂ ಅಲೆ ಎದ್ದಿದೆಯಾ ನೋಡಬೇಕು. ಕಡಲ ತಳದಲ್ಲಿ ಇಟ್ಟ ಒತ್ತಡ ಮಾಪಕಗಳು ಕಿಲೋಮೀಟರ್‌ಗಟ್ಟಲೆ ನೀರಿನ ಮೇಲೆ ಕೆಲವೇ ಸೆಂಟಿಮೀಟರ್ ಏರಿದರೂ ಹೇಳುತ್ತವೆ. ಜೊತೆಗೆ ದಡದಲ್ಲಿ ಉಬ್ಬರ ಅಳೆಯುವ ಮಾಪಕಗಳಿವೆ. ಸುಮ್ಸುಮ್ನೆ ಎರಡು ಸಲ ಜನರನ್ನು ಓಡಿಸಿದರೆ ಮೂರನೇ ಸಲ ಯಾರೂ ಕದಲುವುದಿಲ್ಲ, ಅಲ್ವಾ? 2012ರ ಏಪ್ರಿಲ್ 11ರಂದು ಮತ್ತೆ ಸುಮಾತ್ರಾ ಬಳಿ 8.6 ತೀವ್ರತೆಯ ಭೂಕಂಪ ಆಯಿತು. ಚೆನ್ನೈಯಲ್ಲಿ ಜನ ಕಟ್ಟಡಗಳಿಂದ ಹೊರಗೆ ಓಡಿ ಬಂದರು. ಆದರೆ ಆ ಸಲ ಬಂಡೆಗಳು ಪಕ್ಕಕ್ಕೆ ಜಾರಿದ್ದವು, ಮೇಲಕ್ಕೆ ಎದ್ದಿರಲಿಲ್ಲ. ಮೇಲಕ್ಕೆ ಏಳದಿದ್ದರೆ ನೀರು ದೊಡ್ಡದಾಗಿ ಏಳುವುದಿಲ್ಲ. ಸಮುದ್ರ ಮಟ್ಟದ ಅಂಕಿಗಳೂ ಅದನ್ನೇ ಹೇಳಿದವು. ಮೊದಲು ಕೊಟ್ಟಿದ್ದ ಎಚ್ಚರಿಕೆಯನ್ನು ಅದೇ ದಿನ ವಾಪಸ್ ತೆಗೆದುಕೊಂಡರು. "ಈಗ ಹಿಂತೆಗೆದುಕೊಳ್ಳಬಹುದು" ಅಂತ ಹೇಳುವುದು ಎಚ್ಚರಿಕೆ ಕೊಡುವುದಕ್ಕಿಂತ ಕಷ್ಟದ ಮಾತು. ಇಂಥ ತೀರ್ಮಾನಗಳ ಹೊಣೆ ಹೊರುವುದಕ್ಕೇ ಹಿರಿಯ ವಿಜ್ಞಾನಿ ಬೇಕು. ಹಾಗಾಗಿ ವಿಜ್ಞಾನ ಉಳಿಯುತ್ತಾ ಅಂದರೆ, ಉಳಿಯುತ್ತದೆ.

ಫೈಲ್ ಇಲ್ಲ ಅಂತ ಹೇಳುತ್ತಿಲ್ಲ. ಇದೆ, ಧಾರಾಳವಾಗಿ ಇದೆ. ಹಡಗಿನ ಬಿಡಿಭಾಗದ ಟೆಂಡರ್, ಆಡಿಟ್ ಆಕ್ಷೇಪ, ಅಧಿವೇಶನ ನಡೆಯುವಾಗ ಚುಕ್ಕೆ ಗುರುತಿನ ಪ್ರಶ್ನೆಗೆ ಒಂದೇ ರಾತ್ರಿಯಲ್ಲಿ ಉತ್ತರ, ನೇಮಕಾತಿ, ಕೋರ್ಟ್ ಕೇಸು. ನಿರ್ದೇಶಕರಾದ ಮೇಲೆ ದಿನದ ಹೆಚ್ಚಿನ ಹೊತ್ತು ಇದಕ್ಕೇ ಹೋಗುತ್ತದೆ. ಆದರೆ ಆ ಫೈಲಿನಲ್ಲಿ ಇರುವುದು ಮಾಪಕ ಕೊಳ್ಳಬೇಕಾ ಬೇಡವಾ, ಹಡಗು ಈ ವರ್ಷ ಎಲ್ಲಿಗೆ ಹೋಗಬೇಕು ಅನ್ನುವ ವಿಷಯ. ಅದನ್ನು ವಿಷಯ ಗೊತ್ತಿಲ್ಲದವರ ಕೈಗೆ ಕೊಟ್ಟರೆ ಏನಾಗಬಹುದು ಅಂತ ಯೋಚಿಸಿ. ಫೈಲನ್ನು ಕೀಳಾಗಿ ನೋಡುವ ವಿಜ್ಞಾನಿಗಳ ಜೊತೆ ನನಗೆ ಒಮ್ಮತ ಇಲ್ಲ.

ಶೈಲೇಶ್ ನಾಯಕ್ ಅವರದು ಇನ್ನೊಂದು ಬಗೆಯ ದಾರಿ. ಅವರು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದಲ್ಲಿ ಉಪಗ್ರಹ ಚಿತ್ರಗಳಿಂದ ಕರಾವಳಿ, ಕಡಲು ನೋಡುವ ಕೆಲಸದಲ್ಲಿ ಬೆಳೆದವರು. ಆಮೇಲೆ ಇನ್‌ಕಾಯ್ಸ್ ನಿರ್ದೇಶಕರು, 2008ರಲ್ಲಿ ಕಾರ್ಯದರ್ಶಿ, 2015ರ ಜನವರಿಯಲ್ಲಿ ಕೆಲವು ದಿನ ಇಸ್ರೋದ ಹಂಗಾಮಿ ಅಧ್ಯಕ್ಷರೂ ಆಗಿದ್ದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ನಡೆಸಿದರು. ಮಲ್ಪೆ, ಗಂಗೊಳ್ಳಿ ಬೋಟಿನವರಿಗೆ ಎಲ್ಲಿ ಮೀನು ಸಿಗಬಹುದು ಅಂತ ಇನ್‌ಕಾಯ್ಸ್ ಕೊಡುವ ಸೂಚನೆ ಇದೆಯಲ್ಲ, ಅದಕ್ಕೆ ಆಧಾರ ಇಂಥದ್ದೇ ಉಪಗ್ರಹದ ಕೆಲಸ. ನೀರಿನ ಬಿಸಿ ಎಲ್ಲಿ ತಟ್ಟನೆ ಬದಲಾಗುತ್ತದೆ, ಪಾಚಿಯ ಹಸಿರು ಎಲ್ಲಿ ಜಾಸ್ತಿ ಅಂತ ಮೇಲಿನಿಂದ ನೋಡಿ ಹೇಳುತ್ತಾರೆ.

ಈಗ ಮಗಳು ಮಾಡಬೇಕಾದ್ದು. ದಾರಿ ಮೂರಿವೆ.

ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ ಬರೆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ನೇರ ಗ್ರೂಪ್ ಎ ಭೂವಿಜ್ಞಾನಿ. ಅವಳ ಸಾಗರ ಭೂವಿಜ್ಞಾನದ ಪದವಿ ಅದಕ್ಕೆ ನಡೆಯುತ್ತದೆ, ಕೊನೆಯ ವರ್ಷದವರೂ ಅರ್ಜಿ ಹಾಕಬಹುದು. ವಯಸ್ಸು 21ರಿಂದ 32, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಅಧಿಸೂಚನೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಮೇನ್ಸ್ ಪೂರ್ತಿ ಬರೆಯುವ ಪರೀಕ್ಷೆ, ಒಎಂಆರ್ ಅಭ್ಯಾಸ ಸಾಲುವುದಿಲ್ಲ. ಶುರುವಿನ ಮೂಲ ವೇತನ 56,100 ರೂಪಾಯಿ. ಇಲ್ಲಿ ಬಡ್ತಿ ಹುದ್ದೆ ಖಾಲಿಯಾದಾಗ.

ಎರಡನೆಯದು ಸಂಶೋಧನೆಯ ದಾರಿ. ಸಿಎಸ್‌ಐಆರ್ ನೆಟ್‌ನಲ್ಲಿ ಭೂವಿಜ್ಞಾನ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ತೆಗೆದುಕೊಂಡು, ಗೋವಾದ ಸಾಗರ ವಿಜ್ಞಾನ ಸಂಸ್ಥೆಯಲ್ಲೋ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲೋ ಪಿಎಚ್‌ಡಿ. ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಜೊತೆಗೆ ಬಾಡಿಗೆ ಭತ್ಯೆ. ಮೂರನೆಯದು ಸಚಿವಾಲಯದ ಸಂಸ್ಥೆಗಳು ನೇರ ಜಾಹೀರಾತು ಕೊಟ್ಟಾಗ 'ಸೈಂಟಿಸ್ಟ್ ಬಿ', ಅಂದರೆ ಶುರುವಿನ ದರ್ಜೆಯ ವಿಜ್ಞಾನಿ, ಆಗಿ ಸೇರುವುದು. ಅಲ್ಲಿ ಬಡ್ತಿ ಹುದ್ದೆ ಖಾಲಿಯಾಗುವುದಕ್ಕೆ ಕಾಯುವುದಿಲ್ಲ. ಬಿ ಇಂದ ಸಿಗೆ 3 ವರ್ಷ, ಆಮೇಲೆ ಡಿ, ಇಗೆ ನಾಲ್ಕು ನಾಲ್ಕು, ಎಫ್, ಜಿಗೆ ಐದೈದು, ಪ್ರತಿ ಸಲವೂ ಕೆಲಸ ನೋಡಿ, ಸಂದರ್ಶನ ಮಾಡಿ. ಕನಿಷ್ಠ ಲೆಕ್ಕ ಇದು, ಎಲ್ಲರಿಗೂ ಮೊದಲ ಸಲಕ್ಕೇ ಸಿಗುವುದಿಲ್ಲ. ಒಂದು ಎಚ್ಚರ: 'ಪ್ರಾಜೆಕ್ಟ್ ಸೈಂಟಿಸ್ಟ್' ಅಂತ ಬರುವುದು ಗುತ್ತಿಗೆ ಕೆಲಸ. ಕಲಿಯಲು ತುಂಬ ಒಳ್ಳೆಯದು, ಆದರೆ ಅದನ್ನೇ ಕಾಯಂ ಅಂದುಕೊಂಡು ವರ್ಷಗಳನ್ನು ಕಳೆಯಬಾರದು.

ನನ್ನನ್ನು ಕೇಳಿದರೆ ಜಿಯೋ-ಸೈಂಟಿಸ್ಟ್, ನೆಟ್ ಎರಡನ್ನೂ ಈ ವರ್ಷವೇ ಬರೆಯಲಿ, ಓದಬೇಕಾದ್ದು ಹೆಚ್ಚು ಕಡಿಮೆ ಒಂದೇ. ಎರಡೂ ಸಿಕ್ಕರೆ ಪಿಎಚ್‌ಡಿ ಕಡೆಗೆ ಹೋಗಲಿ ಅಂತಲೇ ಹೇಳುತ್ತೇನೆ, ಅವಳ ಕೈಯಲ್ಲಿ ಈಗಾಗಲೇ ಒಂದು ಪ್ರಶ್ನೆ ಇದ್ದರೆ. ಇಲ್ಲದಿದ್ದರೆ ಸರ್ವೆಗೆ ಸೇರಲಿ. ನೆಲ ಸುತ್ತುತ್ತ ಸುತ್ತುತ್ತ ಪ್ರಶ್ನೆ ಸಿಗುತ್ತದೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಪರಿಶೀಲನೆಗೆ ಬಂದವರು ಸರ್ವೇಕ್ಷಣೆಯ ಭೂವಿಜ್ಞಾನಿಗಳೇ. ನಮ್ಮ ಘಟ್ಟ, ನಮ್ಮ ಕರಾವಳಿಯಲ್ಲಿ ಪ್ರಶ್ನೆಗಳಿಗೇನೂ ಬರವಿಲ್ಲ.

ಕೊನೆಗೆ, ಊರಿನ ಹತ್ತಿರ ಇರುವ ವಿಷಯ. ಸರ್ವೇಕ್ಷಣೆಯ ಸಾಗರ ವಿಭಾಗದ ಮುಖ್ಯ ಕಚೇರಿ ಮಂಗಳೂರಿನಲ್ಲೇ ಇದೆ, 'ಸಮುದ್ರ ರತ್ನಾಕರ' ಹಡಗೂ ಅದೇ ವಿಭಾಗದ್ದು. ಆದರೆ ಮೊದಲ ಪೋಸ್ಟಿಂಗ್ ಅಲ್ಲೇ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಜಾರ್ಖಂಡ್ ಆಗಬಹುದು, ನಾಗಾಲ್ಯಾಂಡ್ ಆಗಬಹುದು. ಗೋವಾ, ಹೈದರಾಬಾದ್, ಚೆನ್ನೈ ಸಂಸ್ಥೆಗಳಿಗೆ ಸೇರಿದರೆ ಹಾಗೆ ಊರೂರು ತಿರುಗುವುದು ಕಡಿಮೆ, ಗೋವಾದಿಂದಾದರೆ ರೈಲು ಹತ್ತಿ ಅದೇ ದಿನ ಕುಂದಾಪುರಕ್ಕೆ ಬರಬಹುದು. ಅರ್ಜಿ ಹಾಕುವ ಮೊದಲು ಈ ವಿಷಯವನ್ನು ಮಗಳ ಜೊತೆ ಕೂತು ಬಿಡಿಸಿ ಮಾತಾಡಿ, ತೀರ್ಮಾನ ಅವಳೇ ಮಾಡಲಿ.